ಪನೀರೆಂದು ಬಡಿಸಿದ್ದು

ಬ್ಯಾಡಗಿ ಮೆಣಸಿನಕಾಯಿಯ ವಿಷಯದಲ್ಲಿ ಆ ಓಣಿಗೆಲ್ಲ ಪ್ರೇಮವ್ವನ ಮಾತೇ ಕೊನೆಯ ಮಾತು. ವರ್ಷದ ಖಾರ ಕುಟ್ಟಿಸುವ ಕಾಲ ಬಂತೆಂದರೆ ಆಕೆ ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ ಬ್ಯಾಡಗಿಗೆ ಹೋಗುವಳು. ಮೇಲಿನ ಕಾಯಿಗಳ ಕಡೆ ಕಣ್ಣೆತ್ತಿಯೂ ನೋಡದೆ, ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಒಂದು ಕಾಯಿ ಎಳೆದು, ಮುರಿದು ಮೂಸುವಳು. ಈ ವರ್ಷದ್ದೋ, ಕೋಲ್ಡ್ ಸ್ಟೋರೇಜಿನಲ್ಲಿ ಒಂದು ವರ್ಷ ಮಲಗಿ ಎದ್ದು ಬಂದದ್ದೋ ಎಂದು ಆ ಮೂಗು ಹೇಳಿಬಿಡುತ್ತಿತ್ತು. ಅಕ್ಕಪಕ್ಕದ ಮನೆಯವರು ತಮ್ಮ ಚೀಲವನ್ನೂ ತಂದು ಆಕೆಯ ಮುಂದೆ ಬಿಚ್ಚಿ, ಆಕೆ ತಲೆಯಾಡಿಸಿದ ಮೇಲೆಯೇ ಗಿರಣಿಗೆ ಒಯ್ಯುತ್ತಿದ್ದರು.

ಇಂಥ ಮೂಗಿನ ಕೆಳಗೇ ಸೊಸೆ ಭುವನಾ ನಾಲ್ಕು ತಿಂಗಳು ಸೋಯಾವನ್ನು ಪನೀರೆಂದು ಬಡಿಸಿದಳು. ಏಲಕ್ಕಿ, ಬೆಳ್ಳುಳ್ಳಿಗಳ ಮರೆಯಲ್ಲಿ ಅದು ದಕ್ಕಿಯೂ ದಕ್ಕಿತು. ದಕ್ಕಿದ್ದೇ ಕೇಡಾಯಿತು.

ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ಅದನ್ನು ಮೊದಲೇ ಹೇಳಬೇಕು. ಅತ್ತೆಗೆ ಮೊಣಕಾಲು ಸೋಲುತ್ತಿತ್ತು, ಮೈಯಲ್ಲಿ ಕಸುವಿರಲಿಲ್ಲ. ಪ್ರೋಟೀನು ಕಡಿಮೆಯಿದೆ, ಬೇಳೆಕಾಳು ಪನೀರು ಚೆನ್ನಾಗಿ ತಿನ್ನಲಿ ಎಂದು ಹಾವೇರಿಯ ಡಾಕ್ಟರು ಹೇಳಿದ್ದರು. ಲಿಂಗ ಕಟ್ಟಿದ ಮನೆ, ಮೊಟ್ಟೆಯ ಮಾತೇ ಇಲ್ಲ. ದಿನಾ ಪನೀರು ತರುವುದೂ ಆಗುವ ಮಾತಲ್ಲ. ಗಂಡ ಶಂಭುಲಿಂಗನ ಕಾಳುಕಡಿ ಅಂಗಡಿಗೆ ದಸರೆಯ ಹೊತ್ತಿಗೆ ಸೋಯಾ ಚೀಲಗಳು ಬಂದು ಬೀಳುತ್ತಿದ್ದವು, ಅಲ್ಲಿಂದ ಎಣ್ಣೆ ಗಿರಣಿಗೆ ಹೋಗುತ್ತಿದ್ದವು. ಅದೇ ಸಮಯಕ್ಕೆ ಭುವನಾ ಎದುರುಮನೆಯ ಮಹಮೂದಾಬೇಗಂ ಜೊತೆ ಮೂರು ದಿನದ ತರಬೇತಿಗೆ ಹೋಗಿ ಸೋಯಾ ಹಾಲು, ಆ ಹಾಲು ಒಡೆಸಿ ಪನೀರಿನಂಥ ತೋಫು ಮಾಡುವುದನ್ನು ಕಲಿತು ಬಂದಿದ್ದಳು. ಬಂದವಳು ಉತ್ಸಾಹದಿಂದ ಊಟದ ಹೊತ್ತಿನಲ್ಲಿ ಮಾತು ತೆಗೆದಳು.

“ಅದು ಎಣ್ಣಿ ತಗದು ದನಕ್ಕ ಹಿಂಡಿ ಹಾಕೋ ಕಾಳು,” ಎಂದಳು ಪ್ರೇಮವ್ವ. “ಸೋಯಾ ತಿಂದ್ರ ಥೈರಾಯ್ಡ್ ಕೆಡತೈತಿ ಅಂತ ಮೊಬೈಲ್ನಾಗ ಬಂದೈತಿ. ನನಗ ಮೊದಲ ಥೈರಾಯ್ಡ್ ಐತಿ. ನನ್ನ ತಾಟಿಗೆ ಅದನ್ನ ತರಬ್ಯಾಡ.”

“ಗಂಡಸರಿಗೂ ಛಲೋ ಅಲ್ಲಂತ,” ಎಂದು ಶಂಭುಲಿಂಗ ದನಿಗೂಡಿಸಿದ. ವರ್ಷ ವರ್ಷವೂ ಸೋಯಾ ಮಾರುವವನು ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡವನಲ್ಲ.

ತರಬೇತಿಯಲ್ಲಿ ಹೇಳಿದ್ದೇ ಬೇರೆ: ಜಗತ್ತಿನ ಅರ್ಧ ಮಂದಿ ಇದನ್ನೇ ತಿಂದು ಗಟ್ಟಿಯಾಗಿದ್ದಾರೆ ಎಂದು. ಭುವನಾ ವಾದಕ್ಕೆ ಇಳಿಯಲಿಲ್ಲ. ಎರಡು ದಿನ ಬಿಟ್ಟು, ಅಂಗಡಿಯ ಚೀಲದಿಂದ ಗುಟ್ಟಾಗಿ ತಂದ ಕಾಳು ನೆನೆಹಾಕಿ, ಸಿಪ್ಪೆ ತಿಕ್ಕಿ ತೆಗೆದು, ರುಬ್ಬಿ, ಹಸಿವಾಸನೆ ಹೋಗುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದಳು. ಒಂದು ಲೋಟ ಹಾಲಿಗೆ ಏಲಕ್ಕಿ, ಸಕ್ಕರೆ, ಎರಡು ಎಳೆ ಕೇಸರಿ ಹಾಕಿ ತೆಗೆದಿಟ್ಟಳು. ಉಳಿದದ್ದಕ್ಕೆ ನಿಂಬೆರಸ ಹಿಂಡಿ ಒಡೆಸಿ, ಗಂಟು ಕಟ್ಟಿ ಮೇಲೊಂದು ಗುಂಡುಕಲ್ಲು ಹೇರಿದಳು. ಗಟ್ಟಿಯಾದ ತೋಫುವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಹಂಚಿನ ಮೇಲೆ ಅಂಚು ಕೆಂಪಾಗುವಂತೆ ಹುರಿದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ, ಅತ್ತೆಯೇ ಕುಟ್ಟಿಸಿದ ಕೆಂಪು ಖಾರವನ್ನೂ ಗುರೆಳ್ಳು ಪುಡಿಯನ್ನೂ ಮೇಲೆ ಉದುರಿಸಿದಳು.

“ಪನೀರ್ ಪಲ್ಯಾರಿ. ಮನ್ಯಾಗ ಮಾಡೇನಿ,” ಎಂದಳು.

ಪ್ರೇಮವ್ವ ರೊಟ್ಟಿಯಲ್ಲಿ ಸುತ್ತಿ ತಿಂದಳು, ಇನ್ನಷ್ಟು ಹಾಕಿಸಿಕೊಂಡಳು. ಮರುದಿನ ಓಣಿಯಲ್ಲಿ ನಿಂತು, “ನಮ್ಮ ಭುವನಾ ಕೈಯಾರ ಪನೀರ್ ಮಾಡ್ತಾಳ, ಅಂಗಡೀದು ಏನ್ ಹತ್ತೀತು ಅದರ ಮುಂದ,” ಎಂದು ನಾಲ್ಕು ಮಂದಿಗೆ ಹೇಳಿದಳು. ಅಲ್ಲಿಗೆ ಭುವನಾಳ ಬಾಯಿಗೆ ಬೀಗ ಬಿತ್ತು. ಹೊಗಳಿಸಿಕೊಂಡ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಅದನ್ನು ಮಾಡಿದವರಿಗೇ ಗೊತ್ತು.

ಲೋಟದ ಹಾಲಿನದು ಇನ್ನೊಂದು ಕಥೆ. ಪ್ರೇಮವ್ವ ದಿನಾ ಮುಂಜಾನೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕೂರುವಳು; ಪೂಜೆ ಮುಗಿಯದೆ ತೊಟ್ಟು ನೀರೂ ಗಂಟಲಿಗಿಳಿಯದು. ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನುಂಗಬೇಕಾದ ಥೈರಾಯ್ಡ್ ಗುಳಿಗೆ ಕೂಡ ಪೂಜೆ ಮುಗಿಯುವವರೆಗೆ ಕಾಯಬೇಕು. ಮೊದಲು ನೀರಿನಲ್ಲಿ ನುಂಗಿ, ಒಂದು ತಾಸು ಬಿಟ್ಟು ತಿಂಡಿ ತಿನ್ನುತ್ತಿದ್ದಳು. ಈಗ ಸೊಸೆ ಪೂಜೆಯ ಮಣೆಯ ಪಕ್ಕದಲ್ಲಿ ಬಾದಾಮಿ ಹಾಲೆಂದು ಹೇಳಿ ಲೋಟ ಇಡತೊಡಗಿದಳು. ಪ್ರೇಮವ್ವ ಅದನ್ನು ಲಿಂಗಕ್ಕೆ ಅರ್ಪಿಸಿ, ಆ ಪ್ರಸಾದದಲ್ಲೇ ಗುಳಿಗೆಯನ್ನೂ ನುಂಗುವುದಕ್ಕೆ ಶುರುಮಾಡಿದಳು. ಪ್ರಸಾದವನ್ನು ತಿಂಡಿಯೆಂದು ಎಣಿಸುವ ರೂಢಿಯೇ ಆಕೆಗಿರಲಿಲ್ಲ. ಭುವನಾ ಕಂಡೂ ಏನೂ ಅನ್ನಲಿಲ್ಲ, ಲೋಟ ಖಾಲಿಯಾಯಿತಲ್ಲ ಎಂಬ ಸಮಾಧಾನ ಅವಳಿಗೆ.

ಸಂಕ್ರಾಂತಿ ದಾಟುವಷ್ಟರಲ್ಲಿ ಪ್ರೇಮವ್ವನ ಮುಖ ಬಾತಿತು. ಬಿಸಿಲಲ್ಲೂ ಚಳಿಯೆಂದು ಶಾಲು ಹೊದೆಯತೊಡಗಿದಳು. ಹಗಲೆಲ್ಲ ಜೋಂಪು, ಮಾತಿನ ನಡುವೆ ಹೆಸರು ಮರೆಯುವುದು. ಶಂಭುಲಿಂಗ ಅವ್ವನನ್ನೂ ಹೆಂಡತಿಯನ್ನೂ ಹಾವೇರಿಗೆ ಕರೆದೊಯ್ದ. ಡಾಕ್ಟರು ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು.

“ಗುಳಿಗಿ ಹೆಂಗ ತಗೋತೀರಿ ಅವ್ವಾರ?”

“ದಿನಾ ಪೂಜಾ ಆದಮ್ಯಾಲೆ ಖಾಲಿ ಹೊಟ್ಟೀಲೆ ತಗೋತೇನ್ರಿ.”

“ಸೋಯಾ ಏನಾರ ತಿಂತೀರೇನು? ಸೋಯಾ ಹಾಲು, ತೋಫು? ಗುಳಿಗಿ ಜೋಡೀಲೆ ಅದು ಹೊಟ್ಟಿಗೆ ಹೋದ್ರ ಗುಳಿಗಿ ಮೈಗೆ ಹತ್ತಂಗಿಲ್ಲ.”

“ಸೋಯಾ ನಾ ಮುಟ್ಟಂಗೂ ಇಲ್ರಿ. ಬೇಕಾದ್ರ ನಮ್ಮ ಸೊಸೀನ್ನ ಕೇಳ್ರಿ.”

ಡಾಕ್ಟರು ಭುವನಾಳ ಕಡೆ ನೋಡಿದರು. ಶಂಭುಲಿಂಗನೂ ನೋಡಿದ. ಭುವನಾ ಹೇಳಬೇಕೆಂದು ಬಾಯಿ ತೆರೆದವಳು, “ಇಲ್ರಿ,” ಎಂದುಬಿಟ್ಟಳು. ಒಂದೇ ಮಾತು. ಅದನ್ನು ಅನ್ನುವಾಗಲೇ ತಾನು ಎಂಥ ಹೊಲಸು ಕೆಲಸ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

“ಹಂಗಾದ್ರ ಗುಳಿಗಿ ನಡುವ ನಡುವ ಮರತಿರಬೇಕು,” ಎಂದರು ಡಾಕ್ಟರು. “ಡೋಸ್ ಈಗ ಹೆಚ್ಚ ಮಾಡೂದಿಲ್ಲ. ಮನ್ಯಾಗಿನವರು ಮುಂದ ನಿಂತು ನುಂಗಸ್ರಿ. ಆರು ವಾರ ಬಿಟ್ಟು ನೋಡೂಣು.”

ಭುವನಾ ಅವತ್ತೇ ಸೋಯಾ ನಿಲ್ಲಿಸಿದಳು. ಬಾದಾಮಿ ತೀರಿತೆಂದು ಒಂದು ಸುಳ್ಳು, ಹಾಲು ಒಡೆಯುತ್ತಿಲ್ಲವೆಂದು ಇನ್ನೊಂದು. ಅತ್ತೆ ಹುಷಾರಾದರೆ ಸಾಕು, ಯಾರಿಗೂ ಏನೂ ಗೊತ್ತಾಗದೆ ಎಲ್ಲ ನೆಟ್ಟಗಾಗುತ್ತದೆ ಎಂದುಕೊಂಡಳು. ಜಾಣತನವೆಂದರೆ ಇದೇ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳೋ ಏನೋ.

ಶಂಭುಲಿಂಗ ದಿನಾ ಪೂಜೆ ಮುಗಿಯುವ ಹೊತ್ತಿಗೆ ನೀರಿನ ಲೋಟ ಹಿಡಿದು ಅವ್ವನ ಎದುರು ನಿಲ್ಲತೊಡಗಿದ. ಗುಳಿಗೆ ಅಂಗೈಗೆ ಹಾಕುವನು, ನುಂಗುವವರೆಗೆ ನೋಡುವನು, ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವನು. ಒಂದು ದಿನ ನಗುತ್ತ, “ಬಾಯಿ ತಗಿ ಅವ್ವಾ, ಕೆನ್ನಿಯೊಳಗ ಇಟ್ಕೊಂಡಿಯೇನ್ ನೋಡೂಣು,” ಎಂದ. ಅವನದು ಚೇಷ್ಟೆ. ಪ್ರೇಮವ್ವ ಮಾತ್ರ ಅದನ್ನು ಚೇಷ್ಟೆಯೆಂದು ತಿಳಿಯಲಿಲ್ಲ. ಅವತ್ತಿನಿಂದ ಯಾರೂ ಕೇಳದಿದ್ದರೂ ನುಂಗಿದ ಕೂಡಲೇ ಬಾಯಿ ಅಗಲಿಸಿ, ನಾಲಿಗೆ ಮೇಲೆತ್ತಿ ಮಗನಿಗೆ ತೋರಿಸತೊಡಗಿದಳು. “ನುಂಗೇನೆಪಾ, ನೋಡು,” ಅನ್ನುವಳು. ಭುವನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ದಿನಾ ನೋಡಿದಳು. ಮುಖ ತಿರುಗಿಸುವಳು, ಆದರೂ ಹೇಳಲಿಲ್ಲ.

ಆರು ವಾರದ ಮೇಲೆ ವರದಿ ಸರಿಯಾಗಿ ಬಂತು. ಬಾವು ಇಳಿದಿತ್ತು, ಶಾಲು ಪೆಟ್ಟಿಗೆ ಸೇರಿತ್ತು.

“ನೋಡ್ರಿ, ತಪ್ಪದಂಗ ತಗೊಂಡ್ರ ಹೆಂಗ ಇಳೀತು,” ಎಂದರು ಡಾಕ್ಟರು.

“ಹೌದ್ರಿ. ನಾನ ಮರೀತಿದ್ದೆ ಅನಸ್ತೈತಿ,” ಎಂದಳು ಪ್ರೇಮವ್ವ. “ದಿನಾ ತಗೊಂಡಿದ್ದ ನನಗ ಕಣ್ಣಿಗೆ ಕಟ್ಟಿದಂಗೈತಿ. ಅದೂ ಖರೇ ಅಲ್ಲಂದ್ರ ಇನ್ನ ಯಾವುದನ್ನ ನಂಬಲಿ.”

ಭುವನಾ ಗುಟ್ಟಾಗಿ ಮಾಡಿದ ರಿಪೇರಿಯೇ ಅತ್ತೆಯ ಮೇಲೆ ಸಾಕ್ಷಿ ಹೇಳಿತ್ತು. ಪ್ರೇಮವ್ವನಿಗೆ ಮರೆವು ಹಿಡಿದಿದೆಯೆಂದು ಮಗನಿಗೂ ಆಕೆಗೂ ಖಾತ್ರಿಯಾಯಿತು. ಗ್ಯಾಸ್ ಬಂದ್ ಮಾಡುವುದು ಮರೆತಾಳೆಂದು ಶಂಭುಲಿಂಗ ಅವ್ವನನ್ನು ಒಲೆಯ ಹತ್ತಿರ ಬಿಡದಾದ. ಆಕೆಯೂ ಎದುರಾಡಲಿಲ್ಲ. ಖಾರ ಕುಟ್ಟಿಸುವ ಕಾಲ ಬಂದಾಗ ತಾನಾಗಿಯೇ ಸೊಸೆಯನ್ನು ಕರೆದಳು.

“ಈ ಸಲ ಬ್ಯಾಡಗಿಗೆ ನೀನ ಹೋಗಿ ಬಾ. ನನ್ನ ತಲಿ ಕೈ ಕೊಟ್ಟೈತಿ. ಮಂದಿ ನನ್ನ ನಂಬಿ ತಗೊಂಡು, ನಾಳೆ ಕೆಟ್ಟ ಕಾಯಿ ಬಂದ್ರ ಛಲೋ ಅಲ್ಲ.”

ಭುವನಾ ಮಹಮೂದಾಬೇಗಂ ಜೊತೆ ಹೊರಟಳು. ಬಸ್ಸಿನಲ್ಲಿ ಎಲ್ಲವನ್ನೂ ಹೇಳಿಕೊಂಡಳು. ಮನೆಯ ಹೊರಗೆ ಹೇಳುವುದು ಎಷ್ಟು ಸುಲಭ.

“ಈಗ ಅತ್ತಿ ಆರಾಮ ಆಗ್ಯಾರಲ್ಲ, ಅಕ್ಕಾರ,” ಎಂದು ಕೊನೆಗೆ ತಾನೇ ಸೇರಿಸಿದಳು.

“ಆರಾಮ ಆಗ್ಯಾರ ಖರೇ,” ಎಂದಳು ಮಹಮೂದಾಬೇಗಂ. “ಮರೆವಿನಾಕಿ ಅಂತ ಹೆಸರು ಬಂತಲ್ಲ, ಅದಕ್ಕ ಯಾವ ಗುಳಿಗಿ ಕೊಡಸ್ತೀ?”

ಬ್ಯಾಡಗಿಯಲ್ಲಿ ಕೆಂಪು ರಾಶಿಗಳ ನಡುವೆ ಭುವನಾ ಕಣ್ಣು ಕಟ್ಟಿದವಳಂತೆ ನಿಂತಳು. ಘಾಟಿಗೆ ಸೀನಿದಳು, ಕಣ್ಣೊರೆಸಿಕೊಂಡಳು, ಸುಕ್ಕು ಸುಕ್ಕಾಗಿ ಚೆಂದ ಕಂಡದ್ದನ್ನು ತುಂಬಿಸಿಕೊಂಡು ಬಂದಳು. ಪಡಸಾಲೆಯಲ್ಲಿ ಚೀಲ ಬಿಚ್ಚಿದಾಗ ಪ್ರೇಮವ್ವ ಅಭ್ಯಾಸಬಲದಿಂದ ತಳಕ್ಕೆ ಕೈ ಹಾಕಿ ಒಂದು ಕಾಯಿ ಎತ್ತಿ ಮುರಿದಳು. ಮೂಸಿದಳು, ಮತ್ತೊಂದು ಮುರಿದಳು. ಮುಖ ಒಂದು ಕ್ಷಣ ಹಳೆಯ ಪ್ರೇಮವ್ವನದಾಯಿತು.

“ಇವು ಹೋದ ವರ್ಷದ್ದು ಅನಸ್ತಾವ,” ಎಂದವಳು, ಕಾಯಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದಳು. “ಇರ್ಲಿ ಬಿಡು. ನನ್ನ ಮಾತ್ ಹಿಡೀಬ್ಯಾಡ. ಛಲೋನ ಇರ್ತಾವ, ಕುಟ್ಟಸು.”

ಭುವನಾಳಿಗೆ ಇನ್ನು ತಡೆಯಲಾಗಲಿಲ್ಲ. ಅಲ್ಲೇ ಚೀಲದ ಪಕ್ಕ ನೆಲಕ್ಕೆ ಕುಳಿತಳು.

“ಅತ್ತೀ, ನಿಮ್ಮ ತಲಿ ಸರಿ ಐತ್ರಿ. ನೀವು ಒಂದ ದಿನಾನೂ ಗುಳಿಗಿ ಮರತಿಲ್ಲ. ನಾ ಕೊಟ್ಟಿದ್ದು ಪನೀರ್ ಅಲ್ಲ, ಸೋಯಾದ್ದು. ಬಾದಾಮಿ ಹಾಲೂ ಅದ. ಅದರ ಸಲುವಾಗಿ ಗುಳಿಗಿ ಮೈಗೆ ಹತ್ತಿಲ್ಲ.”

ಪ್ರೇಮವ್ವ ಬೆರಳಿಗೆ ಅಂಟಿದ ಬೀಜಗಳನ್ನು ಒಂದೊಂದೇ ತೆಗೆದಳು.

“ಲಿಂಗಕ್ಕ ಹಿಡದ ಹಾಲೂ ಅದ ಏನು?”

“ಹೂಂನ್ರಿ.”

“ಅದಿರ್ಲಿ. ಅದೂ ಹೊಲದಾಗ ಬೆಳದ ಕಾಳಿನ ಹಾಲ. ಲಿಂಗ ಏನೂ ಅನ್ನಂಗಿಲ್ಲ.” ಕೊನೆಯ ಬೀಜವನ್ನು ಚೀಲಕ್ಕೆ ಉದುರಿಸಿ ಕೇಳಿದಳು: “ಹಾವೇರ್ಯಾಗ ಡಾಕ್ಟರ್ ಸೋಯಾ ಅಂತ ಬಾಯಿಬಿಟ್ಟ ಕೇಳಿದಾಗ ನೀ ನನ್ನ ಮಗ್ಗಲದಾಗ ಕುಂತಿದ್ದಿ.”

“ಹೂಂನ್ರಿ.”

“ನಾ ದಿನಾ ಬಾಯಿ ತಗದು ತೋರಸೂದನ್ನ ಬಾಗಲದಾಗ ನಿಂತು ನೋಡ್ತಿದ್ದಿ.”

ಭುವನಾ ತಲೆ ತಗ್ಗಿಸಿದಳು.

“ನನ್ನ ತಲಿ ಪೂರ್ತಿ ಹೋಗೂದರೊಳಗ ನನ್ನ ಕರಕೊಂಡುಬಿಡು ಅಂತ ಲಿಂಗದ ಮುಂದ ಕುಂತು ಬೇಡ್ಕೊಂಡೇನಿ ಭುವನಾ. ಒಂದ ದಿನಾ ಅಲ್ಲ, ದಿನಾ. ಅದನ್ನ ಈಗ ನಾ ಹೆಂಗ ವಾಪಸ್ ಇಸ್ಕೋಬೇಕು?”

ಬೈದಿದ್ದರೆ ಚೆನ್ನಾಗಿತ್ತು. ಒಂದು ಏಟು ಹಾಕಿದ್ದರೂ ಭುವನಾ ಹಗುರಾಗುತ್ತಿದ್ದಳು. ಪ್ರೇಮವ್ವ ಅದ್ಯಾವುದನ್ನೂ ಮಾಡದೆ ಎದ್ದು, “ಶಂಭು ಊಟಕ್ಕ ಬರ್ತಾನ. ಅವನ ಮುಂದ ನೀನ ಹೇಳು,” ಎಂದು ಒಳಗೆ ಹೋದಳು. ಭುವನಾ ಹೇಳಿದಳು. ಶಂಭುಲಿಂಗ ಹೆಂಡತಿಯ ಮೇಲೆ ಕೂಗಾಡಿದ, ಆಮೇಲೆ ತಾನೇ ಗೆರೆ ಎಳೆದ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದ.

ಹಾವೇರಿಯ ಡಾಕ್ಟರಿಗೂ ಹೇಳಬೇಕಾಯಿತು. ಸೋಯಾ ವಿಷವಲ್ಲ, ಗುಳಿಗೆ ನುಂಗಿ ನಾಲ್ಕು ತಾಸು ಬಿಟ್ಟು ತಿಂದರೆ ಇವರಿಗೆ ಒಳ್ಳೆಯದೇ ಎಂದು ಅವರು ತೀರ್ಪು ಕೊಟ್ಟರು. ಸೋಯಾದ ಮೇಲಿನ ಅಪವಾದ ಅಷ್ಟು ಸುಲಭಕ್ಕೆ ತೊಲಗಿತು. ಪ್ರೇಮವ್ವ ಮತ್ತೆ ಒಲೆಯ ಮುಂದೆ ನಿಂತಳು. ಚೀಲವನ್ನು ಬ್ಯಾಡಗಿಗೆ ಹೊರಿಸಿಕೊಂಡು ಹೋಗಿ, ಅಂಗಡಿಯವನ ಎದುರೇ ಕಾಯಿ ಮುರಿದು ತೋರಿಸಿ ಬದಲಿಸಿಕೊಂಡು ಬಂದಳು. ಒಂದು ದಿನ ತಾನೇ, “ಮಾಡು ಆ ತೋಫು. ಕಾಳಿಂದೇನ್ ತಪ್ಪು,” ಎಂದಳು. ಭುವನಾಳ ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿಯಿತೆಂದುಕೊಂಡಳು.

ಮರುದಿನ ಮಧ್ಯಾಹ್ನ ತಾಟು ಇಟ್ಟು ಬಡಿಸಿದಳು. ಪ್ರೇಮವ್ವ ಕೈ ತೊಳೆದು ಕುಳಿತವಳು ರೊಟ್ಟಿಯನ್ನು ಬೆರಳಿನಿಂದ ಮುಟ್ಟಿದಳು.

“ಇದೇನು?”

“ರೊಟ್ಟಿರಿ.” ಭುವನಾಳಿಗೆ ಅರ್ಥವಾಗಲಿಲ್ಲ.

“ಎದರದ್ದು?”

“ಜ್ವಾಳದ್ದರಿ.”

“ಇದು?”

“ತೋಫು ಪಲ್ಯಾರಿ. ಸೋಯಾದ್ದು.”

“ಇದು?”

“ಮೊಸರ್ರಿ. ಎಮ್ಮೀದು.”

ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಊರಿಗೆ ಹೊಸದಾಗಿ ಬಂದವರು ದಾರಿ ಕೇಳುವಂತೆ ಕೇಳುತ್ತಿದ್ದಳು. ಒಂದೊಂದಕ್ಕೂ ಉತ್ತರ ಬಂದ ಮೇಲೆಯೇ ಕೈ ಮುಂದೆ ಹೋಗುತ್ತಿತ್ತು. ಅವತ್ತಷ್ಟೇ ಅಲ್ಲ, ಮರುದಿನವೂ ಕೇಳಿದಳು, ಅದರ ಮರುದಿನವೂ. ತಿಂಗಳಾಯಿತು. ಭುವನಾ ಈಗ ಬಡಿಸುತ್ತಲೇ ಹೆಸರು ಹೇಳಿಬಿಡುತ್ತಾಳೆ, ಪ್ರೇಮವ್ವ ಆದರೂ ಕೇಳುತ್ತಾಳೆ.

ನಿನ್ನೆ ಊಟದ ನಡುವೆ ಬಿಕ್ಕಳಿಕೆ ಬಂತು. ಭುವನಾ ಓಡಿ ಹೋಗಿ ತಂಬಿಗೆ ತಂದು ಅತ್ತೆಯ ಕೈಗೆ ಕೊಟ್ಟಳು. ಪ್ರೇಮವ್ವ ಬಿಕ್ಕುತ್ತಲೇ ತಂಬಿಗೆಯೊಳಗೆ ಬಗ್ಗಿ ನೋಡಿದಳು.

“ಇದು?”

“ನೀರ್ರಿ, ಅತ್ತೀ.”

ಪ್ರೇಮವ್ವ ಒಂದು ಗಳಿಗೆ ಸೊಸೆಯ ಮುಖ ನೋಡಿ, ಆಮೇಲೆ ಕುಡಿದಳು.