ಮಷಿನ್ ಕಂಡ ಸಿಟ್ಟು

"ಈ ಹುಡುಗನ ಕೈಯಾಗ ಸೀರಿ ಕೊಟ್ರ ಮಾರಂಗಿಲ್ಲ, ಗಿರಾಕಿ ಕುತ್ತಿಗಿಗೆ ಬಿಗೀತಾನಂತ!" ಎನ್ನುತ್ತ ಮಹಾಂತಯ್ಯ ಟ್ಯಾಬನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಕೆಲಸ ಕೇಳಿಕೊಂಡು ಬಂದು ಗಾದಿಯ ಮೇಲೆ ಕೂತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಲಗೇಶನ ಕಿವಿ ಕಾದವು.

ಹುಬ್ಬಳ್ಳಿಯ ಆ ಸೀರೆ ಅಂಗಡಿಗೆ ಸೇಲ್ಸ್‌ಮನ್ ಆರಿಸುವ ಭಾರ ಈಗ ಮ್ಯಾನೇಜರ್ ಮಹಾಂತಯ್ಯನವರದಲ್ಲ, ಟ್ಯಾಬಿನೊಳಗಿನ ಎಐ ಮಹಾರಾಯನದು. ಅದು ಜಾತಿ ಕೇಳುವುದಿಲ್ಲ, ವಶೀಲಿ ನೋಡುವುದಿಲ್ಲ, ದನಿ ಕೇಳಿಯೇ ಮನುಷ್ಯನ ಜಾತಕ ಬರೆಯುತ್ತದೆ ಎಂದು ಯಾರೋ ಮಾಲೀಕರ ತಲೆಗೆ ತುಂಬಿ ಹೋಗಿದ್ದರು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಗೋಪನಕೊಪ್ಪದ ಸಣ್ಣ ಬಟ್ಟೆ ಅಂಗಡಿಯಲ್ಲಿ ದುಡಿದ ಹುಲಗೇಶನೂ ಅದನ್ನು ನಂಬಿದ್ದ. ಆ ಅಂಗಡಿ ಮುಚ್ಚಿತ್ತು. ಈ ಕೆಲಸ ಸಿಗಲೇಬೇಕಿತ್ತು.

ಪ್ರಶ್ನೆಯೇನೋ ಸುಲಭದ್ದೇ: ಗಿರಾಕಿ ಏನೂ ಕೊಳ್ಳದೆ ಎದ್ದು ಹೊರಟರೆ ಏನೆನ್ನುತ್ತೀರಿ?

"ಅಕ್ಕಾರ, ಹಂಗ್ಯಾಂಗ ಹೊಂಟ್ರಿ? ಕುಂದರ್ರಿ ಮೊದಲ! ಚಾ ಕುಡೀದ ಹೋಗಾಕ ನಾ ಬಿಡಂಗಿಲ್ಲ!" ಎಂದಿದ್ದ ಹುಲಗೇಶ, ಬಾಯ್ತುಂಬ.

ಈ ಊರಲ್ಲಿ ಪ್ರೀತಿಯ ಮಂದಿಯನ್ನು ಗದರಿಸಿಯೇ ಕೂರಿಸುವುದು. ಬೆಂಗಳೂರಿನ ಮೆತ್ತನೆ ದನಿ ಕೇಳಿ ಬೆಳೆದ ಯಂತ್ರಕ್ಕೆ ಅದೆಲ್ಲಿ ತಿಳಿಯಬೇಕು? 'ಗಿರಾಕಿಗೆ ಬೆದರಿಕೆ. ತೀವ್ರ ಕೋಪ. ಅನರ್ಹ' ಎಂದು ಕೆಂಪಕ್ಷರದಲ್ಲಿ ತೀರ್ಪು ಕೊಟ್ಟುಬಿಟ್ಟಿತ್ತು.

"ಸರ, ಅದು ಸಿಟ್ಟಲ್ರಿ. ನಮ್ಮ ಕಡೆ ಮಾತಾಡೂದ ಹಂಗ," ಎಂದ ಹುಲಗೇಶ.

"ಲೇ, ಲಕ್ಷಗಟ್ಲೆ ಮಂದಿ ದನಿ ಕೇಳೇತದು. ಅದರಕಿಂತ ನೀ ಶಾಣ್ಯಾನೇನು?"

ಅಷ್ಟರಲ್ಲಿ ಹಳೆಯ ಗಿರಾಕಿ ಕರೀಮಾಬಿ ಮಹಡಿಯಿಂದ ಬರಿಗೈಯಲ್ಲಿ ಇಳಿದು ಬಾಗಿಲ ಕಡೆ ನಡೆದರು. ಮಹಾಂತಯ್ಯ ಜಿಗಿದೆದ್ದರು. "ಏ ಕರೀಮಾಬಿ ಅಕ್ಕಾರ! ಎಲ್ಲಿಗ್ರಿ, ಕಳ್ಳರ ಗತೆ? ಕುಂದರ್ರಿ ಸುಮ್ನ! ಹೆಂಗ ಹೋಗ್ತೀರಿ ನೋಡೇ ಬಿಡ್ತೇನಿ!"

ಕೈಯಲ್ಲಿದ್ದ ಟ್ಯಾಬು ಟಿಣ್ ಎಂದಿತು. ಸಾಲಿನಲ್ಲಿದ್ದ ಋತುಜಾ ಎಂಬ ಹುಡುಗಿ ಬಗ್ಗಿ ಓದಿದಳು: "ಬೆದರಿಕೆ. ತೀವ್ರ ಕೋಪ. ಅನರ್ಹ. ಸರ, ನೀವೂ ಫೇಲ್ರಿ!"

"ಮಷಿನ್ ಅಂದಮ್ಯಾಗ ಒಮ್ಮೊಮ್ಮೆ ತಪ್ಪತೈತಿ," ಎಂದರು ಮಹಾಂತಯ್ಯ. "ನಾ ಪ್ರೀತೀಲೆ ಅಂದದ್ದು ಅದಕ್ಕೇನ ಗೊತ್ತು?"

"ಮತ್ತ ನಂದ್ರೀ?" ಎಂದ ಹುಲಗೇಶ.

"ನಿಂದ ಬ್ಯಾರೆ. ಮಾರಿ ನೋಡ್ಕೋ, ಸಿಟ್ಟಿಗೆ ಹೆಂಗ ಕೆಂಪಾಗೇತಿ! ಮಷಿನ್ ಆಗಳೇ ಹಿಡದಿತ್ತು. ಬೇಕಾದ್ರ ಗೋಡೌನಿಗೆ ವಾಚ್‌ಮನ್ ಆಗು. ಅಲ್ಲಿಗೆ ನೀನ ಫಸ್ಟ್ ಅಂತ ತೋರಸಾಕತ್ತೈತಿ. ಏನಂತಿ?"

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಟ್ಯಾಬಿನ ಹಸಿರು ಗೆರೆಯೂ ಅವನ ದನಿಗಾಗಿ ನಡುಗುತ್ತ ಕಾದಿತ್ತು.

ಹುಲಗೇಶ ಗಾದಿಯಿಂದಿಳಿದು, ಚಪ್ಪಲಿ ಮೆಟ್ಟಿ, ಬಿಸಿಲಿಗೆ ನಡೆದುಬಿಟ್ಟ.