ಅಂಗೈಯ ತೂಕ

ನ್ಯೂಜಿಲೆಂಡಿಗೆ ಜಿಂಕೆ ಬೇಟೆಗೆ ಕರೆದಿದ್ದ ಗೆಳೆಯ ರಾಸ್ ತೋಟಾಗಳನ್ನು ತಾನೇ ತುಂಬಿಸುತ್ತಾನೆ. ಸೀಸದ ಗುಂಡು ಬೇಕೋ, ತಾಮ್ರದ್ದೋ ಎಂದು ಕೇಳಿದ. ಮಲೇಷ್ಯಾದಲ್ಲಿ ನೆಲೆಸಿದ್ದರೂ ನಾನು ಕೊಡಗಿನವನು, ಅಪ್ಪನಂತೆ ಅಂಗೈಯಲ್ಲಿ ತೂಗಿ ನೋಡದೆ ಗುಂಡು ಆರಿಸಿದವನಲ್ಲ. ಬುದ್ಧಿ ಎಲ್ಲಿಟ್ಟಿದ್ದೆನೋ, "ಒಂದೊಂದು ಸ್ಯಾಂಪಲ್ ಕಳಿಸು" ಎಂದು ಬರೆದುಬಿಟ್ಟೆ.

ಲೈಸೆನ್ಸ್ ಇಲ್ಲದೆ ಒಂದೇ ಗುಂಡು ಸಿಕ್ಕರೂ ಮಲೇಷ್ಯಾದಲ್ಲಿ ಜೈಲು ಎಂಬುದು ನೆನಪಾಗುವಷ್ಟರಲ್ಲಿ ಪಾರ್ಸೆಲ್ ಹೊರಟಾಗಿತ್ತು.

ಅದು ಸುಬಾಂಗ್ ಜಯಾದ ನಮ್ಮ ಮನೆ ತಲುಪುವವರೆಗೆ ಒಂಬತ್ತು ದಿನ ನನಗೆ ಅನ್ನ ಸೇರಲಿಲ್ಲ. ಹೆಂಡತಿ ದೇಚಮ್ಮನೇ ಬಿಚ್ಚಿದಳು. ಒಳಗೆ ಮರದಲ್ಲಿ ಕೆತ್ತಿದ ಎರಡು ಗುಂಡು, ಒಂದು ಚೀಟಿ: "ನಿಮ್ಮ ಕಾನೂನು ಓದಿದೆ. ಆಕಾರ ನೋಡಿ ಹೇಳು."

ಹೋದ ಜೀವ ಬಂತು. ಎರಡನ್ನೂ ಅಂಗೈಗಳಲ್ಲಿಟ್ಟು ಕಣ್ಣು ಮುಚ್ಚಿದೆ.

"ಅದು ಮರ ಕಣ್ರೀ," ಎಂದಳು ದೇಚಮ್ಮ.

"ಬಲಗೈದು ಭಾರ," ಎಂದೆ.