ಕಳ್ಳರ ರಾಣಿಯ ಉತ್ತರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಒಪ್ಪಿಕೊಳ್ಳುತ್ತೇನೆ. ಆದರೆ ತಂಗಿ ಮಾಡಿದ್ದೇನು ಸಣ್ಣ ತಪ್ಪೇ, ನೀವೇ ಹೇಳಿ!

ಚಿಕ್ಕವರಿದ್ದಾಗ ಅಪ್ಪನ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನಮ್ಮದೊಂದು ಲೋಕವಿತ್ತು. ಮೋಡದ ಮೇಲಿನವರ ಭಾಷೆ ಅವಳು ಕಟ್ಟಿದ್ದು, ನೆಲದಡಿಯವರ ಭಾಷೆ ನಾನು ಕಟ್ಟಿದ್ದು. ಮೇಜಿನಡಿಗೆ ನುಸುಳುವವರು ನನ್ನ ಭಾಷೆಯಲ್ಲಿ "ಲೂಮಾ ಝಿರೆ?" ಎನ್ನಬೇಕು, ಅಂದರೆ ಜಾಗ ಇದೆಯಾ. ಒಳಗಿದ್ದವರು "ಶುವಿನೋ" ಎನ್ನಬೇಕು. ಎಷ್ಟೇ ಜಗಳವಾಡಿದ್ದರೂ ಉತ್ತರ ಕೊಡದೆ ಕೂರುವಂತಿರಲಿಲ್ಲ.

ದೊಡ್ಡವಳಾದ ಮೇಲೆ ಅವಳು ಆ ಲೋಕವನ್ನೇ ಕಾದಂಬರಿ ಮಾಡಿದಳು. ಅಪ್ಪನ ಅಂಗಡಿಯಲ್ಲೇ ಉಳಿದ ನಾನು, ಪುಸ್ತಕ ಬಂದ ದಿನ ಹೊಲಿಗೆ ಬದಿಗಿಟ್ಟು ಓದಲು ಕೂತೆ. ನಲವತ್ತನೇ ಪುಟಕ್ಕೆ ಮೈಯೆಲ್ಲ ಉರಿದುಹೋಯಿತು. ಅವಳ ಭಾಷೆಯನ್ನು ರಾಜಕುಮಾರರು ಆಡುತ್ತಾರೆ, ನನ್ನದನ್ನು ಕಳ್ಳರು! ಪುಸ್ತಕವನ್ನು ಚಿಂದಿ ಬಟ್ಟೆಯ ಚೀಲಕ್ಕೆ ಎಸೆದೆ. ವಾರದ ನಂತರ ಅವಳ ಫೋನ್ ಬಂತು. "ಅಕ್ಕಾ" ಎನ್ನಲಿಲ್ಲ, "ಲೂಮಾ ಝಿರೆ?" ಎಂದಳು.

"ನಿನ್ನ ಕಳ್ಳರನ್ನೇ ಹೋಗಿ ಕೇಳ್ಕೋ," ಎಂದು ಫೋನ್ ಇಟ್ಟೆ.

ಆಮೇಲೆ ಒಂಬತ್ತು ವರ್ಷ ನಮ್ಮಿಬ್ಬರ ನಡುವೆ ಮಾತಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಳು. ಕಾಯಿಲೆಯ ವಿಷಯ ಯಾರೂ ನನಗೆ ತಿಳಿಸಿರಲಿಲ್ಲ. ತಿಳಿಸುವುದಾದರೂ ಹೇಗೆ, ಅವಳ ಹೆಸರೆತ್ತಿದರೆ ಹಾರಿಬೀಳುತ್ತಿದ್ದೆನಲ್ಲ.

ನಿನ್ನೆ ಅವಳ ಪ್ರಕಾಶಕರು ಎರಡನೇ ಭಾಗದ ಹಸ್ತಪ್ರತಿ ಹಿಡಿದು ಅಂಗಡಿಗೆ ಬಂದರು.

"ಕೊನೇ ಪುಟದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಾರಮ್ಮಾ. ಪಕ್ಕದಲ್ಲಿ 'ಅಕ್ಕನನ್ನು ಕೇಳಿ' ಅಂತ ಬರೆದಿದ್ದಾರೆ. ಕಳ್ಳರ ರಾಣಿ ಭಾಷೆ ನಿಮಗೆ ಗೊತ್ತಂತಲ್ಲ?"

"ಯಾವ ರಾಣಿ?"

ಅವರು ಕಣ್ಣು ಕಣ್ಣು ಬಿಟ್ಟರು. "ಮೊದಲನೇ ಭಾಗ ಓದಿಲ್ವಾ? ನೆಲದಡಿಯವರ ನೀರನ್ನೆಲ್ಲ ಕದ್ದು ಮೋಡಕ್ಕೇರಿಸಿದವರು ಆ ರಾಜಕುಮಾರರೇ. ಕಳ್ಳರು ಅನ್ನೋದು ಅವರಿಟ್ಟ ಹೆಸರು ಅಷ್ಟೆ. ನೀರು ವಾಪಸ್ ತರೋಳೇ ರಾಣಿ. ದರ್ಜಿ ಅವಳು. ಮೂಗಿನ ತುದೀಲೇ ಸಿಟ್ಟು, ಆದ್ರೆ ಸುಳ್ಳು ಅನ್ನೋದೇ ಗೊತ್ತಿಲ್ಲ. ಓದೋರಿಗೆ ಅವಳಂದ್ರೆ ಪ್ರಾಣ."

ಅಯ್ಯೋ, ನನ್ನ ಹಾಳು ಸಿಟ್ಟೇ! ಇನ್ನು ನಾಲ್ಕು ಪುಟ ತಿರುವಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಕೊನೆಯ ಪುಟ ನೋಡಿದೆ. ರಾಣಿಯ ತಂಗಿ ಮುಚ್ಚಿದ ಬಾಗಿಲ ಹೊರಗೆ ನಿಂತು "ಲೂಮಾ ಝಿರೆ?" ಎಂದು ಕೇಳುತ್ತಾಳೆ. ಅದರ ಕೆಳಗೆ ಖಾಲಿ ಸಾಲು.

ಪೆನ್ನು ಇಸಿದುಕೊಂಡು "ಶುವಿನೋ" ಎಂದು ಬರೆದೆ.

"ಹಾಗಂದ್ರೆ ಏನಮ್ಮಾ?"

"ಸರಿದು ಕೂತಿದ್ದೀನಿ, ಬಾ ಅಂತ."

ಒಂಬತ್ತು ವರ್ಷದ ಮೇಲೆ ಉತ್ತರ ಕೊಟ್ಟೆ, ಕೇಳಿದವಳಿಗಲ್ಲ.